ನಿಂತ ರಾಕೆಟ್, ಹಾರಿದ ರಾಕೆಟ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆ ಆರಂಭವಾದ 1975ರಲ್ಲೇ ಭಾರತದ ಮೊದಲ ಉಪಗ್ರಹ ಆರ್ಯಭಟ ಆಕಾಶ ಸೇರಿತು. ಅದನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಹಾರಿಸಲು ಮಾತ್ರ ಸೋವಿಯತ್ ದೇಶಕ್ಕೆ ಒಯ್ಯಬೇಕಾಯಿತು. ನಮ್ಮದೇ ರಾಕೆಟ್ ಚಂದ್ರನ ಕಡೆಗೆ ಹೊರಟದ್ದನ್ನು ಕಣ್ಣಾರೆ ಕಂಡ ಕಥೆ ಹೇಳಲು ಇಂದು ನಿಂತಿದ್ದೇನೆ.

2019ರ ಜುಲೈ 14ರಂದು ಮಗಳನ್ನು ಕರೆದುಕೊಂಡು ಜೆ.ಪಿ. ನಗರದಿಂದ ಶ್ರೀಹರಿಕೋಟಾಕ್ಕೆ ಹೋದೆ. ಆಗ ಅವಳು ಏಳನೇ ಕ್ಲಾಸು. ಚಂದ್ರಯಾನ-2 ಹಾರಬೇಕಾಗಿದ್ದುದು ನಡುರಾತ್ರಿ ಕಳೆದು 2 ಗಂಟೆ 51 ನಿಮಿಷಕ್ಕೆ. ಇನ್ನು 56 ನಿಮಿಷ ಇದೆ ಎನ್ನುವಾಗ ಗಡಿಯಾರ ನಿಂತಿತು. ತಾಂತ್ರಿಕ ದೋಷ, ಇವತ್ತು ಉಡಾವಣೆ ಇಲ್ಲ ಎಂದರು. "ಅಪ್ಪಾ, ಫೇಲಾಯ್ತಲ್ಲ" ಅಂತ ಮಗಳು ಅತ್ತಳು.

ಆ ಮಾತು ನನಗೆ ನಾಟಿತು. ವಾಪಸ್ ಬರುವ ಬಸ್ಸಿನಲ್ಲಿ, ಮನೆಯಲ್ಲಿ ಯಾರಿಗೂ ಹೇಳದಿದ್ದ ವಿಷಯವನ್ನು ಅವಳಿಗೆ ಹೇಳಿದೆ. ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದವನು. ರಿಸಲ್ಟ್ ಬಂದ ದಿನ ಸಾರಕ್ಕಿ ಕೆರೆ ಏರಿಯ ಮೇಲೆ ಕತ್ತಲಾಗುವವರೆಗೆ ಕೂತಿದ್ದೆ. ಗಣಿತದ ಮೇಷ್ಟ್ರು ಸೈಕಲ್ಲಿನಲ್ಲಿ ಹುಡುಕಿಕೊಂಡು ಬಂದರು. ಬೈಯಲಿಲ್ಲ. "ಎಲ್ಲಿ ತಪ್ಪಿದೆ ನೋಡೋಣ, ನಾಳೆ ಪುಸ್ತಕ ತಗೊಂಡು ಬಾರೋ" ಅಂದರು, ಅಷ್ಟೆ. ಅಕ್ಟೋಬರಿನಲ್ಲಿ ಪಾಸಾದೆ.

ಅದೇ ರಾಕೆಟ್ಟು ದೋಷ ಸರಿಪಡಿಸಿಕೊಂಡು ಜುಲೈ 22ರಂದು ಹಾರಿತು. ನಾವು ಟಿ.ವಿ.ಯಲ್ಲಿ ನೋಡಿದೆವು. ಸೆಪ್ಟೆಂಬರಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದಾಗ ಮಗಳು ಅಳಲಿಲ್ಲ. "ಎಲ್ಲಿ ತಪ್ಪಿದೆ ಅಂತ ನೋಡ್ತಾರೆ ಬಿಡಪ್ಪಾ" ಅಂದಳು.

2023ರ ಜುಲೈ 14ರಂದು ಮತ್ತೆ ಹೋದೆವು. ಮಧ್ಯಾಹ್ನ 2 ಗಂಟೆ 35 ನಿಮಿಷ. 43.5 ಮೀಟರ್ ಎತ್ತರ, ಸುಮಾರು 640 ಟನ್ ತೂಕದ ಎಲ್‌ವಿಎಂ-3. ನೆಲ ಬಿಡುವಾಗ ಉರಿಯುವುದು ಪಕ್ಕದ ಎರಡು ಬೂಸ್ಟರ್ ಮಾತ್ರ. ಒಂದೊಂದರಲ್ಲೂ ಸುಮಾರು 200 ಟನ್ ಘನ ಇಂಧನ. ಅದು ಒಮ್ಮೆ ಹೊತ್ತಿದರೆ ಆರಿಸಲು ಬರುವುದಿಲ್ಲ. ಸಂಶಯವಿದ್ದರೆ ಮೊದಲೇ ನಿಲ್ಲಿಸಬೇಕು. ಆ ರಾತ್ರಿ ಇಡೀ ದೇಶದ ಮುಂದೆ "ಬೇಡ" ಅಂದವರ ಧೈರ್ಯ ನನಗೆ ಆಗ ಅರ್ಥವಾಯಿತು.

ಮೊದಲು ಬೆಂಕಿ ಕಂಡಿತು, ಸದ್ದೇ ಇಲ್ಲ. ರಾಕೆಟ್ ಮರಗಳ ಮೇಲೆ ಎದ್ದು ಬಂದ ಮೇಲೆ ಗುಡುಗು ಬಂದು ಎದೆಗೆ ಬಡಿಯಿತು. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ತೋರಿಸಿ, ಕಲ್ಲಿಗೆ ಬಟ್ಟೆ ಬೀಳುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ ಎಂದು ಪಾಠ ಮಾಡಿದ್ದ ನಮ್ಮ ವಿಜ್ಞಾನದ ಟೀಚರ್ ನೆನಪಾದರು. ಸದ್ದಿಗೆ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡ್ ಬೇಕು. ಮಗಳು ನನ್ನ ಕೈ ಹಿಡಿದು ಕುಣಿಯುತ್ತಿದ್ದಳು. ನನ್ನ ಕಣ್ಣಲ್ಲಿ ನೀರು.

ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ಮೇಲೆ ಮೆಲ್ಲಗೆ ಇಳಿಯಿತು. ಆಗ ಅದನ್ನು ನೋಡಿಕೊಳ್ಳುತ್ತಿದ್ದ ನಿಯಂತ್ರಣ ಕೇಂದ್ರವೂ ಬೆಂಗಳೂರಿನಲ್ಲೇ ಇತ್ತು.

ಆ ಗಣಿತದ ಮೇಷ್ಟ್ರು ಇಂದು ನಮ್ಮೊಂದಿಗಿಲ್ಲ. ನನ್ನದೊಂದೇ ವಿನಂತಿ. ಮುಂದಿನ ಸಲ ರಿಸಲ್ಟ್ ಬಂದ ದಿನ ಪಾಸಾದ ಮಕ್ಕಳಿಗೆ ಸಿಹಿ ಹಂಚೋಣ. ಜೊತೆಗೆ ಫೇಲಾದ ಮಗು ಎಲ್ಲಿ ಕೂತಿದೆ ಎಂದು ಹುಡುಕಿಕೊಂಡು ನಮ್ಮಲ್ಲಿ ಒಬ್ಬರಾದರೂ ಹೋಗೋಣ.