ಗಳಿಗೆ ಬಂದಾಗ ಕೈ ನಡುಗದಿರಲಿ

(ದಾಂಡೇಲಿಯಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳಿಗಾಗಿ ನಡೆದ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



“ಬಡವನಿಗೆ ಅವಕಾಶವೆಂಬುದು ಎಲ್ಲಿದೆ, ಮಾಸ್ತರರೇ?” ಎಂದು ನಿನ್ನೆ ಕಾರ್ಮಿಕ ಮಿತ್ರರೊಬ್ಬರು ನನ್ನನ್ನು ಕೇಳಿದರು. ಆ ಪ್ರಶ್ನೆಯಲ್ಲಿ ನೋವಿದೆ, ಸತ್ಯವೂ ಬಹಳಷ್ಟಿದೆ. ಆದರೆ ಪೂರ್ಣ ಸತ್ಯವಿಲ್ಲ. ಬಡವನ ಬಾಗಿಲಿಗೂ ಒಮ್ಮೊಮ್ಮೆ ಅವಕಾಶ ಬಂದು ನಿಲ್ಲುತ್ತದೆ. ಅದು ವಾದ್ಯ ಬಾರಿಸಿಕೊಂಡು ಬರುವುದಿಲ್ಲ. ಒಂದು ಅರ್ಜಿಯ ರೂಪದಲ್ಲಿ, ಒಂದು ಕೊನೆಯ ತಾರೀಖಿನೊಡನೆ ಸದ್ದಿಲ್ಲದೆ ಬರುತ್ತದೆ. ಅಂದು ನಾವು ಸಿದ್ಧರಿದ್ದೇವೆಯೇ ಇಲ್ಲವೇ ಎಂಬುದರ ಮೇಲೆ ಮುಂದಿನ ಎರಡು ತಲೆಮಾರುಗಳ ಬಾಳು ನಿಂತಿರುತ್ತದೆ.

ನಮ್ಮ ನಾಡಿನದೇ ಉದಾಹರಣೆಯನ್ನು ನೋಡೋಣ. 1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿಯ ಜಮೀನೆಲ್ಲ ಅಂದೇ ಸರಕಾರಕ್ಕೆ ಸೇರಿತು. ಆದರೆ ಅದು ತಾನಾಗಿಯೇ ಉಳುವವನ ಹೆಸರಿಗೆ ಬರಲಿಲ್ಲ. ಗೇಣಿದಾರನು 7ನೇ ನಮೂನೆಯಲ್ಲಿ ಅರ್ಜಿ ಬರೆದು ಭೂನ್ಯಾಯ ಮಂಡಳಿಗೆ ಕೊಡಬೇಕಾಗಿತ್ತು. ಅವಧಿಯನ್ನು ಮತ್ತೆ ಮತ್ತೆ ಮುಂದೂಡಿ ಕಡೆಗೆ 1979ರ ಜೂನ್ 30ಕ್ಕೆ ಮುಗಿಸಿದರು. ಮಂಡಳಿಯ ಮುಂದೆ ವಾದಿಸಲು ಆಗ ವಕೀಲರಿಗೆ ಅವಕಾಶವಿರಲಿಲ್ಲ. ಒಡೆಯನ ಎದುರಿನಲ್ಲೇ ರೈತನು ತಾನೇ ಎದ್ದು ನಿಂತು, “ಈ ಗದ್ದೆ ನಾನು ಉತ್ತದ್ದು” ಎನ್ನಬೇಕಾಗಿತ್ತು.

ನನ್ನ ಅಜ್ಜ ಹಾಗೆನ್ನಲಿಲ್ಲ. “ಉಂಡ ಮನೆಗೆ ಎರಡು ಬಗೆಯಬಾರದು” ಎಂದು ಅರ್ಜಿಯನ್ನೇ ಬರೆಯಲಿಲ್ಲ. ಯಾರು ಬೆಳೆದ ಅನ್ನವನ್ನು ಯಾರು ಉಂಡರೆಂದು ಅವನು ಕೇಳಿಕೊಳ್ಳಲಿಲ್ಲ. ನೆರೆಮನೆಯ ರೈತನು ಗೇಣಿ ಕೊಟ್ಟ ಚೀಟಿಗಳನ್ನು ಬಿದಿರಿನ ಕೊಳವೆಯಲ್ಲಿ ಜೋಪಾನವಾಗಿ ಇಟ್ಟಿದ್ದ. ಇಬ್ಬರ ಬಡತನವೂ ಒಂದೇ, ಕಾಯ್ದೆಯೂ ಒಂದೇ. ಇಂದು ಅವನ ಮೊಮ್ಮಕ್ಕಳು ಸ್ವಂತ ಗದ್ದೆ ಉಳುತ್ತಾರೆ. ನನ್ನ ತಂದೆ ಜೀವಮಾನವಿಡೀ ಕೂಲಿ ಮಾಡಿದರು. ಆದರೂ ಅಜ್ಜನನ್ನು ನಾನು ದೂರಲಾರೆ. ಅವನು ಹೇಡಿಯಾಗಿರಲಿಲ್ಲ, ಒಂಟಿಯಾಗಿದ್ದ.

ಒಂಟಿತನ ಕಳೆದಾಗ ಅದೇ ಬಡ ಗೇಣಿದಾರ ಏನಾಗಬಲ್ಲ ಎಂಬುದನ್ನು ನಮ್ಮ ಸಿದ್ದಾಪುರದಾಚೆಯ ಸಾಗರ ತಾಲೂಕು ತೋರಿಸಿಕೊಟ್ಟಿದೆ. ದೊಡ್ಡ ಕೊಳಗದಲ್ಲಿ ಗೇಣಿ ಅಳೆಯುವ ಅನ್ಯಾಯದ ವಿರುದ್ಧ ಕಾಗೋಡಿನ ರೈತರು 1951ರ ಏಪ್ರಿಲ್ 18ರಂದು ಸತ್ಯಾಗ್ರಹಕ್ಕಿಳಿದರು. ಅದು ಒಂದು ರಾತ್ರಿಯಲ್ಲಿ ಹುಟ್ಟಿದ ಧೈರ್ಯವಲ್ಲ. ಎಚ್. ಗಣಪತಿಯಪ್ಪನವರು ಅದಕ್ಕೆ ಮೊದಲೇ ರೈತ ಸಂಘ ಕಟ್ಟಿದ್ದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೆ ನಿಂತರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಉಳುವವನೇ ಒಡೆಯನೆಂಬ ಮಾತು ಕಾಯ್ದೆಯ ಪುಸ್ತಕಕ್ಕೆ ಏರಿದ್ದು ಆಮೇಲೆ.

ನಮ್ಮ ಜಿಲ್ಲೆಯ ದಿನಕರ ದೇಸಾಯರನ್ನೂ ಇಲ್ಲಿ ನೆನೆಯಬೇಕು. ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ ಅವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಗಳನ್ನು ತೆರೆದರು. ಅರ್ಜಿ ಓದಲು ಬಾರದವನಿಗೆ ಹಕ್ಕು ಬಂದರೂ ದಕ್ಕುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಇದೆಲ್ಲ ಹಳೆಯ ಕಥೆಯೆನ್ನುವಿರಾ? ಇಂದಿನ ಮಾತಿಗೆ ಬನ್ನಿ. ನಿಮ್ಮಲ್ಲಿ ಅನೇಕರ ಅಣ್ಣತಮ್ಮಂದಿರು ಜೋಯಿಡಾ, ಹಳಿಯಾಳ, ಮುಂಡಗೋಡದ ಕಾಡಂಚಿನ ಹಳ್ಳಿಗಳಲ್ಲಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಅವರದು. ನಮ್ಮ ಜಿಲ್ಲೆಯ ಸಿದ್ದಿ ಬಂಧುಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸಾಗುವಳಿಯನ್ನು ತೋರಿಸಿದರೆ ಸಾಕು. ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಊರ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದೂ ಸಾಕ್ಷಿ. ಹಳೆಯ ಬಾವಿ, ಸ್ಮಶಾನಗಳೂ ಸಾಕ್ಷಿ. ಗ್ರಾಮಸಭೆಯ ನಿರ್ಣಯ ವಿರುದ್ಧವಾದರೆ 60 ದಿನಗಳೊಳಗೆ ಉಪವಿಭಾಗ ಸಮಿತಿಗೆ ಮೇಲರ್ಜಿ ಕೊಡಬಹುದು. ಆದರೆ ಎಂಬತ್ತು ದಾಟಿದ ಹಿರಿಯರು ನಮ್ಮ ಆಲಸ್ಯ ಮುಗಿಯುವ ತನಕ ಕಾಯುತ್ತಾರೆಯೆ?

ವ್ಯಾಪಾರಿ ಮಿತ್ರರೇ, ಬೀದಿಬದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕಾಯ್ದೆಯಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೈಸೇರುವವರೆಗೆ ನಿಮ್ಮನ್ನು ಎಬ್ಬಿಸುವಂತಿಲ್ಲ. ಆದರೆ ಸಮೀಕ್ಷೆಯವರು ಬಂದ ದಿನ ನಿಮ್ಮ ಹೆಸರು ಬಿಟ್ಟುಹೋದರೆ? ಗುತ್ತಿಗೆ ಕಾರ್ಮಿಕರೇ, ಗುತ್ತಿಗೆದಾರ ಬದಲಾದ ದಿನ ನಿಮ್ಮ ಹತ್ತು ವರ್ಷದ ದುಡಿಮೆಗೆ ಪುರಾವೆ ಏನಿದೆ? ಸಂಬಳದ ಚೀಟಿ ಎಲ್ಲಿದೆ?

ಬಾಯಾರಿದಾಗ ಬಾವಿ ತೋಡಬೇಡಿರಿ. ಇಂದೇ ಮೂರು ಕೆಲಸ ಮಾಡಿರಿ. ನಿಮ್ಮ ಕಾಗದಪತ್ರಗಳನ್ನೆಲ್ಲ ಒಂದೆಡೆ ಸೇರಿಸಿ, ಮಗಳಿಗೋ ಮಗನಿಗೋ ಓದಿಸಿ ಅರ್ಥ ಮಾಡಿಕೊಳ್ಳಿರಿ. ವಾರಕ್ಕೊಮ್ಮೆ ಸಭೆ ಸೇರಿ, ಎದ್ದು ನಿಂತು ನಾಲ್ಕು ಮಾತು ಆಡುವ ರೂಢಿ ಮಾಡಿರಿ. ಇಲ್ಲಿ ನಡುಗಿದ ದನಿ ಅಲ್ಲಿ ನಡುಗಲಾರದು. ಕಚೇರಿಯ ಮೆಟ್ಟಿಲು ಹತ್ತುವಾಗ ಒಬ್ಬರೇ ಹೋಗಬೇಡಿರಿ. ಐದು ಜನ ಹೋಗಿರಿ.

ಧೈರ್ಯವು ಹುಟ್ಟಿನಿಂದ ಬರುವ ಸ್ವತ್ತಲ್ಲ. ನಾಲ್ಕು ಜನ ಸೇರಿ ದಿನದಿನವೂ ಕೂಡಿಡುವ ಗಂಟು ಅದು. ನನ್ನ ಅಜ್ಜನ ಪಕ್ಕದಲ್ಲಿ ಅಂದು ನಿಲ್ಲಲು ಯಾರೂ ಇರಲಿಲ್ಲ. ನಿಮ್ಮ ಪಕ್ಕದಲ್ಲಿ ಇಂದು ಇವರಿದ್ದಾರೆ. ಒಮ್ಮೆ ಆಚೀಚೆ ನೋಡಿಕೊಳ್ಳಿರಿ.