ಹೊಸರಿತ್ತಿಯ ಮೂವರು



ಮಠದ ಜಾತ್ರೆಯಲ್ಲಿ ದಾಸೋಹಕ್ಕೆ ಧಾನ್ಯವಿತ್ತವರ ಹೆಸರು ಕಲ್ಲಿನ ಮೇಲೆ ಉಳಿಯುವುದು. ಬೆಳಗಿನ ಜಾವಕ್ಕೆ ಎದ್ದು ನೀರು ಹೊತ್ತವರು, ಒಲೆ ಹೊತ್ತಿಸಿದವರು, ಉಂಡೆದ್ದವರ ಎಲೆಗಳನ್ನು ತೆಗೆದವರು ಯಾರೆಂಬುದು ಯಾವ ಕಲ್ಲಿನ ಮೇಲೂ ಕಾಣದು. ಆದರೂ ಅವರಿಲ್ಲದೆ ದಾಸೋಹವು ನಡೆಯಲಾರದು. ರಾಷ್ಟ್ರವೊಂದರ ಸ್ವಾತಂತ್ರ್ಯದ ಚರಿತ್ರೆಯೂ ಹೀಗೆಯೇ. ಮುಂದಾಳುಗಳ ಹೆಸರು ಎಲ್ಲರ ಬಾಯಲ್ಲಿರುವುದು. ಅವರ ಮಾತನ್ನು ನಂಬಿ ಮನೆಮಾರು ಬಿಟ್ಟು ನಡೆದವರ ಹೆಸರು ಅವರವರ ಊರಿನ ಎಲ್ಲೆಯನ್ನು ದಾಟುವುದು ಅಪರೂಪ. ಇಂತಹ ಸಾಮಾನ್ಯ ಜನರ ಧೈರ್ಯವು ಎಂತಹದು, ಅದು ಎಲ್ಲಿಂದ ಹುಟ್ಟಿತು, ಅದರ ಋಣವನ್ನು ತೀರಿಸುವ ಬಗೆ ಯಾವುದು ಎಂಬುದೇ ಈ ಉಪನ್ಯಾಸದ ವಿಷಯವು.

ಇದಕ್ಕೆ ದೂರದ ದೃಷ್ಟಾಂತವು ಬೇಕಿಲ್ಲ. ವರದಾ ನದಿಯ ದಂಡೆಯಲ್ಲಿ, ಇಂದಿನ ಹಾವೇರಿ ಜಿಲ್ಲೆಯಲ್ಲಿ, ಹೊಸರಿತ್ತಿಯೆಂಬ ಗ್ರಾಮವುಂಟು. ಆ ಕಾಲಕ್ಕೆ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ೧೯೪೩ನೆಯ ಇಸವಿಯ ಏಪ್ರಿಲ್ ೧ರಂದು ಆ ಗ್ರಾಮದಲ್ಲಿ ಮೂವರು ಪೊಲೀಸರ ಗುಂಡಿಗೆ ಬಲಿಯಾದರು. ಒಬ್ಬರು ಮೈಲಾರ ಮಹಾದೇವಪ್ಪನವರು. ಇನ್ನೊಬ್ಬರು ತಿರಕಪ್ಪ ಮಡಿವಾಳರ. ಮತ್ತೊಬ್ಬರು ವೀರಯ್ಯ ಹಿರೇಮಠ. ಖಾದಿಯ ಗ್ರಾಮಸೇವಕರೊಬ್ಬರು, ಮಡಿವಾಳರ ಮನೆತನದವರೊಬ್ಬರು, ಹಿರೇಮಠದ ಮನೆತನದವರೊಬ್ಬರು. ಸಮಾಜವು ಬೇರೆಬೇರೆ ಸಾಲಿನಲ್ಲಿ ಕೂಡ್ರಿಸಿದ್ದ ಈ ಮೂವರನ್ನು ದೇಶಭಕ್ತಿಯು ಒಂದೇ ಸಾಲಿನಲ್ಲಿ ನಿಲ್ಲಿಸಿತು. ಮೃತ್ಯುವು ಅಲ್ಲಿ ಹಿರಿದು ಕಿರಿದೆಂಬ ಭೇದವನ್ನೆಣಿಸಲಿಲ್ಲ.

ಮಹಾದೇವಪ್ಪನವರು ೧೯೧೧ರಲ್ಲಿ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ ಜನಿಸಿದರು. ತಂದೆ ಮಾರ್ತಾಂಡಪ್ಪನವರು, ತಾಯಿ ಬಸಮ್ಮನವರು. ಚಿಕ್ಕಂದಿನಲ್ಲಿಯೇ ಖಾದಿಯ ವ್ರತವು ಅವರನ್ನು ಸೆಳೆಯಿತು. ಆ ಸೆಳೆತವೇ ಅವರನ್ನು ಗುಜರಾತಿನ ಸಾಬರಮತಿಯ ಆಶ್ರಮದವರೆಗೆ ಒಯ್ದಿತು. ೧೯೩೦ನೆಯ ಇಸವಿಯ ಮಾರ್ಚ್ ೧೨ರಂದು ಮಹಾತ್ಮಾ ಗಾಂಧಿಯವರು ಉಪ್ಪಿನ ಕಾಯಿದೆಯನ್ನು ಮುರಿಯಲೆಂದು ದಾಂಡಿಯ ಕಡಲತೀರಕ್ಕೆ ಹೊರಟಾಗ, ಅವರು ಆರಿಸಿಕೊಂಡ ೭೮ ಮಂದಿ ಸಂಗಡಿಗರಲ್ಲಿ ಕರ್ನಾಟಕದವರು ಒಬ್ಬರೇ ಒಬ್ಬರು. ಯಾತ್ರಿಕರ ಪಟ್ಟಿಯಲ್ಲಿ ‘ಮಹಾದೇವ ಮಾರ್ತಾಂಡ’ ಎಂದು ಕಾಣುವ ಆ ತರುಣನ ವಯಸ್ಸು ಆಗ ೧೮. ಸುಮಾರು ೨೪೦ ಮೈಲಿಗಳ ದಾರಿಯನ್ನು ಕಾಲ್ನಡಿಗೆಯಿಂದ ಕ್ರಮಿಸಿ ಏಪ್ರಿಲ್ ೫ರಂದು ಆ ತಂಡವು ದಾಂಡಿಯನ್ನು ಮುಟ್ಟಿತು. ಮರುದಿನ ಮುಂಜಾನೆ ಗಾಂಧಿಯವರು ಒಂದು ಹಿಡಿ ಉಪ್ಪನ್ನೆತ್ತಿದರು.

ಒಂದು ಹಿಡಿ ಉಪ್ಪಿನಲ್ಲಿ ಅಂತಹ ಮಹತ್ವವೇನಿದ್ದಿತೆಂದು ಕೇಳಬಹುದು. ಗಂಜಿಗೆ ಹಾಕುವ ಉಪ್ಪಿನ ಮೇಲೆಯೂ ಅಂದಿನ ಸರಕಾರವು ಕರವನ್ನೆತ್ತುತ್ತಿದ್ದಿತು. ಕಡಲು ಕೊಟ್ಟುದನ್ನು ಕೈಯಿಂದ ಬಳಿದುಕೊಂಡರೆ ಅದು ಅಪರಾಧವೆನಿಸುತ್ತಿದ್ದಿತು. ಕರವು ಚಿಕ್ಕದೋ ದೊಡ್ಡದೋ ಎಂಬುದು ಪ್ರಶ್ನೆಯಾಗಿರಲಿಲ್ಲ. ಬಡವನ ಬೆವರಿನಿಂದ ಹಣವನ್ನು ತೆಗೆಯುವ ಅಧಿಕಾರವು ಅವನನ್ನು ಕೇಳದೆ, ಅವನಿಗೆ ಲೆಕ್ಕವೊಪ್ಪಿಸದೆ, ಬೇರೊಬ್ಬನ ಕೈಯಲ್ಲಿರಬಹುದೇ ಎಂಬುದೇ ಪ್ರಶ್ನೆಯು. ಮೋಟೆಬೆನ್ನೂರಿನ ಹದಿನೆಂಟರ ತರುಣನು ದಾಂಡಿಯ ದಾರಿಯಲ್ಲಿ ಕಲಿತ ಪಾಠವು ಇದು. ಹದಿಮೂರು ವರುಷಗಳ ಬಳಿಕ ಹೊಸರಿತ್ತಿಯಲ್ಲಿ ಅವರು ಪ್ರಾಣವನ್ನು ತೆತ್ತುದೂ ಇದೇ ಪ್ರಶ್ನೆಯ ಮುಂದೆಯೇ.

ದಾಂಡಿಯ ಯಾತ್ರಿಕನೆಂಬ ಕೀರ್ತಿಯು ಅವರನ್ನು ಪಟ್ಟಣಕ್ಕೆ ಸೆಳೆಯಲಿಲ್ಲ. ಊರ ಸೀಮೆಗೆ ಮರಳಿ ಕೊರಡೂರಿನಲ್ಲಿ ಗ್ರಾಮಸೇವಾಶ್ರಮವನ್ನು ಸ್ಥಾಪಿಸಿ, ಖಾದಿ ಮತ್ತು ಗ್ರಾಮಸೇವೆಯ ಕಾರ್ಯಕ್ಕೆ ತಮ್ಮನ್ನು ತೆತ್ತುಕೊಂಡರು. ಅವರ ಪತ್ನಿ ಸಿದ್ದಮ್ಮನವರೂ ಸಾಬರಮತಿಯ ಆಶ್ರಮದಲ್ಲಿ ಶಿಕ್ಷಣವನ್ನು ಪಡೆದು, ಸತ್ಯಾಗ್ರಹದಲ್ಲಿ ಪಾಲುಗೊಂಡು ಕಾರಾಗೃಹವಾಸವನ್ನು ಅನುಭವಿಸಿದರು. ಹಳ್ಳಿಯ ಹೆಣ್ಣುಮಗಳೊಬ್ಬಳು ಹೊಸ್ತಿಲನ್ನು ದಾಟಿ, ಭಾಷೆಯರಿಯದ ಸೀಮೆಗೆ ಹೋಗಿ, ಅಲ್ಲಿ ದೇಶದ ಸಲುವಾಗಿ ಸೆರೆಮನೆಯನ್ನು ಹೊಕ್ಕುದು ಆ ಕಾಲದಲ್ಲಿ ಎಂತಹ ಸಾಹಸವಾಗಿದ್ದಿತೆಂಬುದನ್ನು ಇಲ್ಲಿಯ ಹಿರಿಯ ತಾಯಂದಿರು ಬಲ್ಲರು. ದಂಪತಿಗಳಿಬ್ಬರೂ ಒಂದೇ ವ್ರತವನ್ನು ಹಿಡಿದ ಮನೆಯದು. ಶರಣರ ಕಾಲದಿಂದ ಈ ನಾಡು ಯಾವುದನ್ನು ಕಾಯಕವೆಂದು ಕರೆಯುತ್ತ ಬಂದಿರುವುದೋ ಅದರ ಅರ್ಥವು ಆ ಬಾಳಿನಲ್ಲಿ ಮೂಡಿದ್ದಿತು. ನೂಲುವ ಕೈಗೆ ಫಲಾಪೇಕ್ಷೆಯಿಲ್ಲ. ಆದರೆ ನಾಳೆಯೂ ನೂಲಬೇಕೆಂಬ ನಿಷ್ಠೆಯುಂಟು. ಒಂದು ದಿನದ ಆವೇಶದಿಂದ ಹುಟ್ಟುವ ಧೈರ್ಯವು ಒಂದು ದಿನದಲ್ಲಿಯೇ ಆರಿಹೋಗುವುದು. ಹತ್ತು ವರುಷಗಳ ಕಾಯಕದಿಂದ ಹದಗೊಂಡ ಧೈರ್ಯವು ಪ್ರಸಂಗವು ಒದಗಿದಾಗ ಸದ್ದಿಲ್ಲದೆ ಎದ್ದು ನಿಲ್ಲುವುದು.

ಆ ಪ್ರಸಂಗವು ೧೯೪೨ರಲ್ಲಿ ಒದಗಿತು. ಆಗಸ್ಟ್ ೮ರಂದು ಮುಂಬಯಿಯಲ್ಲಿ ‘ಭಾರತ ಬಿಟ್ಟು ತೊಲಗಿರಿ’ ಎಂಬ ನಿರ್ಣಯವು ಅಂಗೀಕೃತವಾಯಿತು. ಮರುದಿನ ಬೆಳಗಾಗುವುದರೊಳಗೆ ಗಾಂಧಿಯವರೂ ಇತರ ಮುಂದಾಳುಗಳೂ ಬಂಧಿತರಾದರು. ದಾರಿ ತೋರಬೇಕಾದವರೆಲ್ಲರೂ ಸೆರೆಯಲ್ಲಿದ್ದಾಗ, ಪ್ರತಿಯೊಬ್ಬನೂ ತನಗೆ ತಾನೇ ನಾಯಕನಾಗಬೇಕಾಯಿತು. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಭೂಗತ ತಂಡಗಳು ಎದ್ದವು. ಚಾವಡಿಯ ದಫ್ತರಗಳು, ಅಂಚೆ, ತಂತಿ, ರೈಲು ಮೊದಲಾದ ಆಳಿಕೆಯ ಅಂಗಗಳನ್ನು ತಡೆಗಟ್ಟಿದರೆ ಆಳಿಕೆಯೇ ನಿಲ್ಲುವುದೆಂಬುದು ಅವರ ಲೆಕ್ಕಾಚಾರ. ಮಹಾದೇವಪ್ಪನವರ ತಂಡವು ಇವುಗಳಲ್ಲೊಂದು.

ಈ ತಂಡಗಳು ತಿಂಗಳುಗಟ್ಟಲೆ ಬದುಕಿದುದು ಹೇಗೆ? ರಾತ್ರಿಯ ಹೊತ್ತು ಕದ ತಟ್ಟಿದವರಿಗೆ ರೊಟ್ಟಿಯನ್ನಿಕ್ಕಿ, ಹಗಲು ಪೊಲೀಸರು ಬಂದು ಕೇಳಿದಾಗ ಬಾಯಿ ಬಿಡದಿದ್ದ ಮನೆಗಳಿಂದಲೇ. ಹೆಸರು ಹೇಳಿದರೆ ಬಹುಮಾನವಿದ್ದಿತು. ಹೇಳದಿದ್ದರೆ ಲಾಠಿಯಿದ್ದಿತು, ಊರಿಗೆ ಊರೇ ತೆರಬೇಕಾದ ಪುಂಡುಗಂದಾಯವಿದ್ದಿತು. ಇಂತಹ ಮನೆಗಳ ಯಜಮಾನರಾಗಲಿ ಗೃಹಿಣಿಯರಾಗಲಿ ಯಾವ ಸಭೆಯಲ್ಲಿಯೂ ಭಾಷಣ ಮಾಡಿದವರಲ್ಲ. ಅವರ ದೇಶಭಕ್ತಿಯು ಒಂದು ರೊಟ್ಟಿ ಮತ್ತು ಒಂದು ಮೌನ. ದಾಸೋಹವೆಂಬ ಮಾತಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯು ಬೇರೊಂದಿಲ್ಲ.

ಇನ್ನು ಹೊಸರಿತ್ತಿಯ ಪ್ರಸಂಗ. ರೈತನು ನೇರವಾಗಿ ಸರಕಾರಕ್ಕೆ ಭೂಕಂದಾಯವನ್ನು ಕಟ್ಟುವ ರೈತವಾರಿ ಪದ್ಧತಿಯು ಮುಂಬಯಿ ಪ್ರಾಂತದಲ್ಲಿದ್ದಿತು. ಬೆಳೆ ಬಂದ ಮೇಲೆ ಊರ ಗೌಡರೂ ಲೆಕ್ಕದವರೂ ವಸೂಲಿಗೆ ಹೊರಡುವರು. ಕೂಡಿದ ಹಣವು ತಾಲೂಕಿನ ಖಜಾನೆಗೆ ಸಾಗುವುದು. ಅದು ಮಹಾಯುದ್ಧದ ಕಾಲ. ಧಾರಣೆಗಳು ಏರಿ ಬಡವರು ಬಳಲಿದ್ದರು. ಹೊಸರಿತ್ತಿಯಲ್ಲಿ ಕೂಡಿಸಿಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಮಹಾದೇವಪ್ಪನವರು ಸಂಗಡಿಗರೊಡನೆ ಅಲ್ಲಿಗೆ ಹೋದರು. ಕಾವಲಿಗಿದ್ದ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪನವರೂ ತಿರಕಪ್ಪನವರೂ ವೀರಯ್ಯನವರೂ ಪ್ರಾಣವನ್ನು ತೆತ್ತರು. ಮಹಾದೇವಪ್ಪನವರಿಗೆ ಆಗ ಮೂವತ್ತೆರಡು ವರುಷಗಳೂ ತುಂಬಿರಲಿಲ್ಲ.

ಇಲ್ಲಿ ಒಂದು ಮಾತನ್ನು ಎತ್ತಿ ಹೇಳಬೇಕಾಗಿದೆ. ಮಹಾದೇವಪ್ಪನವರ ಹೆಸರು ದಾಂಡಿಯ ಪಟ್ಟಿಯಲ್ಲಿದೆ; ಅವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ೨೦೧೮ರಲ್ಲಿ ಭಾರತ ಸರಕಾರವು ಹೊರಡಿಸಿತು; ಹಾವೇರಿಯಲ್ಲಿ ವೀರಸೌಧವು ನಿಂತಿದೆ. ತಿರಕಪ್ಪನವರನ್ನೂ ವೀರಯ್ಯನವರನ್ನೂ ನೆನೆಯುವಾಗ ಜನರು ‘ಅವರ ಸಂಗಡಿಗರಿಬ್ಬರು’ ಎಂದಷ್ಟೇ ಹೇಳಿ ಮುಂದೆ ಸಾಗುವುದುಂಟು. ಆದರೆ ಗುಂಡಿನೆದುರಿನಲ್ಲಿ ಸಂಗಡಿಗನೆಂಬವನು ಇಲ್ಲ; ಪ್ರತಿಯೊಬ್ಬನೂ ತನ್ನ ಪ್ರಾಣವನ್ನೇ ಪೂರ್ತಿಯಾಗಿ ಕೊಡುವನು. ಕೀರ್ತಿಯ ಭರವಸೆಯಿಲ್ಲದೆ ಕೊಟ್ಟ ಪ್ರಾಣವು ಒಂದು ಗುಂಜಿಯಷ್ಟೂ ಹಗುರವಲ್ಲ. ಮಡಿವಾಳ ಮಾಚಿದೇವರು ಕಲ್ಯಾಣದ ಶರಣರ ಬೆಂಗಾವಲಾಗಿ ನಿಂತು ವಚನಗಳ ಕಟ್ಟುಗಳನ್ನು ಕಾಯ್ದರೆಂಬ ಪ್ರತೀತಿಯನ್ನು ಭಕ್ತರೆಲ್ಲರೂ ಬಲ್ಲರು. ಬಟ್ಟೆಯ ಕೊಳೆಯನ್ನು ತೊಳೆಯುವ ಕಾಯಕದವರಲ್ಲಿ ವೀರರನ್ನು ಕಂಡ ಈ ಪರಂಪರೆಗೆ ತಿರಕಪ್ಪನವರನ್ನು ಮರೆಯುವ ಅಧಿಕಾರವಿಲ್ಲ.

ಸತ್ಯವನ್ನು ಮೆಚ್ಚುವ ಸಭೆಯಲ್ಲಿ ಕಠಿಣವಾದ ಪ್ರಶ್ನೆಯೊಂದನ್ನು ಮರೆಮಾಚುವುದು ಉಚಿತವಲ್ಲ. ಬರಿಗೈಯಲ್ಲಿ ದಾಂಡಿಗೆ ನಡೆದ ವ್ರತಿಯು ಸರಕಾರಿ ಹಣವನ್ನು ಕಸಿದುಕೊಳ್ಳಲು ಹೋದುದು ಸರಿಯೇ? ಗಾಂಧಿಯವರು ಅದೇ ೧೯೪೩ರ ಫೆಬ್ರವರಿ ೧೦ರಿಂದ ಮಾರ್ಚ್ ೩ರ ವರೆಗೆ ಸೆರೆಯಲ್ಲಿ ಇಪ್ಪತ್ತೊಂದು ದಿನಗಳ ಉಪವಾಸವನ್ನು ಮಾಡಿದ್ದರು. ಬಿಡುಗಡೆಯಾದ ಮೇಲೆ ೧೯೪೪ರಲ್ಲಿ ಅವರು ಗುಪ್ತಕಾರ್ಯವನ್ನು ಒಪ್ಪದೆ, ಭೂಗತರಾದವರು ಬಹಿರಂಗಕ್ಕೆ ಬರಬೇಕೆಂದು ಸೂಚಿಸಿದರು. ನಮ್ಮ ನಾಡಿನ ಮತ್ತೊಂದು ಹಳ್ಳಿಯಾದ ಈಸೂರಿನಲ್ಲಿ ೧೯೪೨ರ ಸೆಪ್ಟೆಂಬರಿನಲ್ಲಿ ಎದ್ದ ಗಲಭೆಯಲ್ಲಿ ಇಬ್ಬರು ಅಧಿಕಾರಿಗಳು ಮಡಿದರು. ಅದಕ್ಕಾಗಿ ಆ ಊರಿನ ಐವರನ್ನು ೧೯೪೩ರ ಮಾರ್ಚ್ ತಿಂಗಳಲ್ಲಿ ಗಲ್ಲಿಗೇರಿಸಲಾಯಿತು. ಗಲ್ಲಿಗೇರಿದವರ ಮನೆಯಲ್ಲಿ ತಾಯಂದಿರು ಅತ್ತರು; ಮಡಿದ ಅಧಿಕಾರಿಗಳ ಮನೆಯಲ್ಲಿಯೂ ಅತ್ತರು. ಕಣ್ಣೀರಿಗೆ ಪಕ್ಷವಿಲ್ಲ. ದಯೆಯನ್ನು ಧರ್ಮದ ಮೂಲವೆಂದು ನಂಬಿದವರು ಇದನ್ನು ನೆನೆಯದೆ ಇರಲಾಗದು.

ಆದಕಾರಣ ಈ ವೀರರು ಹಿಡಿದ ದಾರಿಯೆಲ್ಲವೂ ನಿರ್ದೋಷವೆಂದು ಹೇಳಿದರೆ ಅದು ಸ್ತುತಿಯಾದೀತು, ಸತ್ಯವಾಗದು. ಹಾಗೆಂದು ಮನೆಯ ಕದವನ್ನು ಹಾಕಿಕೊಂಡು ಬೆಚ್ಚಗೆ ಮಲಗಿದವರು ಅವರ ದಾರಿಯನ್ನು ಅಳೆಯತೊಡಗಿದರೆ ಅದು ನ್ಯಾಯವೂ ಆಗದು. ಮುಂದಾಳುಗಳು ಸೆರೆಯಲ್ಲಿ, ಪತ್ರಿಕೆಗಳ ಬಾಯಿಗೆ ಬೀಗ, ಸಭೆ ಸೇರಿದರೆ ಗುಂಡು; ಅಂತಹ ಕತ್ತಲೆಯಲ್ಲಿ ಅವರು ತಮಗೆ ತೋಚಿದ ದಾರಿಯಲ್ಲಿ ನಡೆದರು, ಮತ್ತು ಅದರ ಬೆಲೆಯನ್ನು ತಮ್ಮ ದೇಹದಿಂದಲೇ ತೆತ್ತರು. ಬೇರೊಬ್ಬರ ಮಕ್ಕಳನ್ನು ಮುಂದೆ ಕಳುಹಿಸಿ ತಾವು ಹಿಂದೆ ಉಳಿಯಲಿಲ್ಲ. ಅವರನ್ನು ಗೌರವಿಸಲು ಇಷ್ಟು ಸಾಕು. ಅವರಿಂದ ಕಲಿಯಲು ಇನ್ನೂ ಒಂದು ಮಾತುಂಟು.

ಆ ಮಾತು ಯಾವುದೆಂದರೆ ಕಂದಾಯದ ಹಣದ ಮಾತು. ಹೊಸರಿತ್ತಿಯ ಮೂವರು ಬಿದ್ದುದು ಅದರೆದುರಿನಲ್ಲಿ. ಆ ಹಣವು ರೈತರ ಬೆವರು. ಆದರೆ ಅದರ ಕೀಲಿಯು ಪರರ ಕೈಯಲ್ಲಿದ್ದಿತು. ೧೯೪೭ರ ಆಗಸ್ಟ್ ೧೫ರಂದು ಆ ಕೀಲಿಯು ಜನರ ಕೈಗೆ ಬಂದಿತು. ಅಂದಿನಿಂದ ಖಜಾನೆಯು ಪರರದಲ್ಲ. ಅದರಲ್ಲಿಯ ಒಂದೊಂದು ಕಾಸೂ ಶಾಲೆಯ ಮಗುವಿನದು, ಆಸ್ಪತ್ರೆಯ ರೋಗಿಯದು, ಕೆರೆಯ ನೀರನ್ನು ಕಾಯುತ್ತಿರುವ ಒಕ್ಕಲಿಗನದು. ಅಂದು ಅದನ್ನು ಕಸಿದುಕೊಳ್ಳಲು ಹೋದವರು ದೇಶಭಕ್ತರೆನಿಸಿದರು. ಇಂದು ಅದರೊಳಗೆ ಕೈಯಿಕ್ಕುವವನು ದೇಶದ್ರೋಹಿಯೆನಿಸುವನು. ಸಲ್ಲಬೇಕಾದ ಕರವನ್ನು ಮರೆಮಾಚುವವನೂ, ಊರ ರಸ್ತೆಯ ಹಣದಲ್ಲಿ ಪಾಲು ಕೇಳುವವನೂ, ಅದನ್ನು ಕಂಡೂ ಕಾಣದಂತೆ ಮುಖ ತಿರುಗಿಸುವವನೂ ತಿರಕಪ್ಪ ಮಡಿವಾಳರ ರಕ್ತವು ಬಿದ್ದ ನೆಲದ ಮೇಲೆಯೇ ಕಾಲಿಟ್ಟು ನಡೆಯುತ್ತಿರುವನು.

ಇಂದು ಭಕ್ತರಿಂದ ಯಾರೂ ಪ್ರಾಣವನ್ನು ಬೇಡುತ್ತಿಲ್ಲ. ಗುಂಡಿನೆದುರು ನಿಲ್ಲುವ ಪ್ರಸಂಗವಿಲ್ಲ. ಮನೆಮಾರು ಹರಾಜಾಗುವ ಭಯವಿಲ್ಲ. ಬೇಕಾದುದು ಚಿಕ್ಕ ಧೈರ್ಯ: ಪಂಚಾಯಿತಿಯ ಸಭೆಯಲ್ಲಿ ಎದ್ದು ನಿಂತು ಲೆಕ್ಕವನ್ನು ಕೇಳುವ ಧೈರ್ಯ, ಲಂಚವನ್ನು ಕೊಡುವುದಿಲ್ಲ, ಕೊಳ್ಳುವುದಿಲ್ಲವೆಂದು ಹೇಳುವ ಧೈರ್ಯ, ಬಲಿಷ್ಠನಾದ ನೆಂಟನು ತಪ್ಪು ಮಾಡಿದಾಗ ಅವನೆದುರಿಗೇ ಅದನ್ನು ತಪ್ಪೆನ್ನುವ ಧೈರ್ಯ. ಇದು ಚಿಕ್ಕದೆಂದು ತೋರಿದರೂ ಸುಲಭವಲ್ಲ. ಏಕೆಂದರೆ ಅಂದಿನ ವೈರಿಯು ಪರದೇಶಿ. ಇಂದಿನ ವೈರಿಯು ತನ್ನ ಲೋಭವೇ.

ಮಠದ ಮಹೋತ್ಸವವು ಹಿಂದಿನದನ್ನು ನೆನೆಯುವ ಕಾಲವೂ ಹೌದು, ಮುಂದಿನದಕ್ಕೆ ವ್ರತವನ್ನು ತೊಡುವ ಕಾಲವೂ ಹೌದು. ವರದೆಯ ದಂಡೆಯ ಆ ಮೂವರು ದೊಡ್ಡ ಶಾಸ್ತ್ರಗಳನ್ನು ಬರೆದಿಟ್ಟು ಹೋಗಲಿಲ್ಲ. ಸಾಮಾನ್ಯನು ಮನಸ್ಸು ಮಾಡಿದರೆ ಎಷ್ಟನ್ನು ಕೊಡಬಲ್ಲನೆಂಬುದನ್ನು ತೋರಿಸಿ ಹೋದರು. ಅವರ ಹೆಸರುಗಳನ್ನು ಹೇಳುವಾಗ ಮೂರನ್ನೂ ಹೇಳಬೇಕು: ಮಹಾದೇವಪ್ಪ, ತಿರಕಪ್ಪ, ವೀರಯ್ಯ. ಹೇಳಿದ ಬಳಿಕ ಮನೆಗೆ ಹೋಗಿ ತನ್ನ ಕೈಯಲ್ಲಿರುವ ಸಾರ್ವಜನಿಕ ಹಣದ ಲೆಕ್ಕವನ್ನು ಒಮ್ಮೆ ಶಿವಸಾಕ್ಷಿಯಾಗಿ ನೋಡಿಕೊಳ್ಳಬೇಕು. ಆ ಲೆಕ್ಕವು ಸರಿಯಾಗಿದ್ದರೆ ಹೊಸರಿತ್ತಿಯ ಬಲಿದಾನವು ಫಲಿಸಿತೆಂದು ತಿಳಿಯಬಹುದು.