ಜಗಲಿಗೆ ಬಂದ ಶಾಲೆ



2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸೋಂಕಿನ ಕಾರಣ ನಮ್ಮ ರಾಜ್ಯದ ಶಾಲೆಗಳಿಗೆ ಬೀಗ ಬಿದ್ದದ್ದು ನಿಮಗೆ ನೆನಪಿರಬಹುದು. ಪಾಠ ಮೊಬೈಲ್ ಫೋನಿಗೆ ಬಂತು. ಆದರೆ ಮನೆಗೊಂದೇ ಫೋನ್ ಇದ್ದು, ಅದೂ ಕೂಲಿಗೆ ಹೋದ ಅಪ್ಪನ ಜೇಬಿನಲ್ಲಿದ್ದರೆ ಮಗು ಏನು ಮಾಡಬೇಕು? ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕ ಶಿಕ್ಷಕಿಯರೇ ಮಕ್ಕಳಿದ್ದ ಕೇರಿಗೆ ಬಂದರು. ದೇವಸ್ಥಾನದ ಅಂಗಳ, ಅರಳಿಕಟ್ಟೆ, ಯಾರದೋ ಮನೆಯ ಜಗಲಿ, ಇವೇ ತರಗತಿಗಳಾದವು.

ಶಿಕ್ಷಕರ ಶ್ರಮವನ್ನು ಅನೇಕರು ಹೊಗಳಿದರು, ಸರಿಯೇ. ಜಗಲಿ ಬಿಟ್ಟುಕೊಟ್ಟವರನ್ನು ಅಷ್ಟಾಗಿ ಯಾರೂ ನೆನೆಯಲಿಲ್ಲ. ನೆಂಟರನ್ನೂ ಹೊಸಿಲಾಚೆ ನಿಲ್ಲಿಸುತ್ತಿದ್ದ ಕಾಲ ಅದು. ಅಂಥಲ್ಲಿ ಹತ್ತು ಮನೆಯ ಮಕ್ಕಳನ್ನು ಕೂರಿಸಿಕೊಳ್ಳುವುದು ಸಣ್ಣ ಧೈರ್ಯವೇನಲ್ಲ.

ಭಯ ಸುಳ್ಳೂ ಆಗಿರಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದು, ಅಕ್ಟೋಬರ್‌ನಲ್ಲಿ ಸರ್ಕಾರ ಯೋಜನೆಯನ್ನು ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. 2021ರ ಜನವರಿ 1ರಂದು ಶಾಲೆಯ ಆವರಣದಲ್ಲೇ ಅದು ಮತ್ತೆ ಆರಂಭವಾದಾಗ, ಬರುವ ಮಕ್ಕಳು ಪೋಷಕರ ಒಪ್ಪಿಗೆ ಪತ್ರ ತರಬೇಕಾಗಿತ್ತು. ಆ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುವ ಮುನ್ನ ಎಷ್ಟು ಹೊತ್ತು ಯೋಚಿಸಿದರೆಂದು ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿ.